ಶ್ರಾವಣದ ಗೋಡೆಯ ಮೇಲೆ ಮೀನಿನ ಮುಳ್ಳು

ಮೊನ್ನೆ ನಾಶಿಕದಿಂದ ಸಂಭಾಜಿನಗರಕ್ಕೆ ಹೋಗುವ ಬಸ್ಸು ಯೇವಲಾ ದಾಟಿದ ಮೇಲೆ ಮಳೆ ಹಿಡಿಯಿತು. ಈ ವರ್ಷದ ಮೊದಲ ಮಳೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಕಿಟಕಿ ಮುಚ್ಚಲಿಲ್ಲ. ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದು, "ಕಿತೀ ಛಾನ್ ವಾಸ್!" ಎಂದು ನನ್ನ ಕಡೆ ತಿರುಗಿ ನಕ್ಕಳು. ಮಣ್ಣಿನ ವಾಸನೆಯನ್ನು ಹೊಗಳುತ್ತಿದ್ದಳು. ನಾನೂ ನಕ್ಕು ತಲೆಯಾಡಿಸಿದೆ. ನನಗೆ ಯಾವ ವಾಸನೆಯೂ ಬಂದಿರಲಿಲ್ಲ.

ಬಸ್ಸು ಇಳಿದ ಮೇಲೆ ಮತ್ತೆ ಎಂದೂ ಕಾಣದ ಹೆಂಗಸಿನ ಎದುರಲ್ಲೂ ನಾನು ಅದೇ ಸುಳ್ಳನ್ನು ಹೇಳುತ್ತಿದ್ದೇನಲ್ಲ ಎನ್ನಿಸಿತು. ಒಂದು ಶ್ರಾವಣದಲ್ಲಿ ನಾನು ಹೀಗೆಯೇ ಸುಳ್ಳು ಹೇಳಿದ್ದರಿಂದ ನನ್ನ ತಮ್ಮನ ಹೋಟೆಲಿನಿಂದ ಒಬ್ಬ ಒಳ್ಳೆಯ ಅಡುಗೆಯವನು ಅವಮಾನ ಹೊತ್ತು ಹೊರಟುಹೋದ. ಅದನ್ನು ಬರೆದಿಡಬೇಕು ಎಂದು ಬಹಳ ಸಲ ಅಂದುಕೊಂಡಿದ್ದೆ. ನಾನು ಓದಿದ್ದು ನಾಶಿಕದ ಮರಾಠಿ ಶಾಲೆಯಲ್ಲಿ, ಏಳನೆಯವರೆಗೆ. ಕನ್ನಡದ ಅಕ್ಷರ ಅಪ್ಪ ಮನೆಯಲ್ಲಿ ಕಲಿಸಿದ್ದು. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಬೇಕು.

ಅಪ್ಪ ಉಡುಪಿ ಕಡೆಯಿಂದ ಬಂದವರು, ಓಝರ್ ದಾರಿಯ ಒಂದು ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದರು. ಅಮ್ಮ ಮನೆಯಲ್ಲಿ ಸಾಂಬಾರಿನ ಪುಡಿ ಮಾಡಿ, ಕಾರ್ಖಾನೆಗಳಲ್ಲಿದ್ದ ಕರ್ನಾಟಕದವರ ಮನೆಗಳಿಗೆ ಕೊಡುತ್ತಿದ್ದಳು. ನಾನು ಏಳನೆಯಲ್ಲಿದ್ದಾಗ ಅಮ್ಮ ಹೋದಳು. ತಮ್ಮ ವಾಸು ಆಗ ಇನ್ನೂ ಚಡ್ಡಿಯಲ್ಲಿ ಓಡಾಡುವವ. ನಾನು ಶಾಲೆ ಬಿಟ್ಟೆ, ಅವನು ಓದಿದ. ದೊಡ್ಡವನಾಗಿ ಸಂಭಾಜಿನಗರದಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಶುದ್ಧ ಶಾಕಾಹಾರಿ ಹೋಟೆಲು ಹಾಕಿದ. ಅಲ್ಲಿನ ಸಾಂಬಾರಿಗೆ ಪುಡಿ ನಾನೇ ನಾಶಿಕದಿಂದ ಮಾಡಿ ಕಳಿಸುವುದು. ನಮ್ಮ ಮನೆ ಪಂಚವಟಿಯಲ್ಲಿ, ಎರಡು ಕೋಣೆಯದ್ದು. ಅಲ್ಲಿ ಹುರಿದು, ಪಕ್ಕದ ಗಿರಣಿಯಲ್ಲಿ ಬೀಸಿಸಿ, ಡಬ್ಬಕ್ಕೆ ಬಟ್ಟೆ ಹೊಲಿದು, ಎಸ್‌ಟಿ ಬಸ್ಸಿನ ಪಾರ್ಸಲ್ಲಿಗೆ ಹಾಕುತ್ತಿದ್ದೆ. ನಾನು ಮದುವೆಯಾಗಲಿಲ್ಲ. ವಾಸು ಗಿರಾಕಿಗಳಿಗೆ, "ಇದು ಕಂಪನಿ ಮಸಾಲೆ ಅಲ್ಲ, ನಮ್ಮಕ್ಕನ ಕೈಯದ್ದು" ಎಂದು ಹೇಳುವುದನ್ನು ನಾನು ಗಲ್ಲಾಪೆಟ್ಟಿಗೆಯ ಈಚೆ ಕೂತು ಕೇಳಿದ್ದೇನೆ. ಕೇಳಿದಾಗಲೆಲ್ಲ ನನ್ನ ಬೆನ್ನು ನೆಟ್ಟಗಾಗುತ್ತಿತ್ತು. ನನಗೆ ಅಂತ ಇದ್ದದ್ದು ಅದೊಂದೇ.

ಆ ವರ್ಷ ಆಷಾಢದಲ್ಲಿ ನನಗೆ ಜ್ವರ ಬಂತು. ಗೋದಾವರಿಯ ನೀರು ಘಾಟಿನ ಮೆಟ್ಟಿಲು ಮುಚ್ಚಿ ಮೇಲೆ ಬಂದ ದಿನಗಳು. ಮನೆಯ ಗೋಡೆ ಕೈಯಿಟ್ಟಲ್ಲೆಲ್ಲ ಒದ್ದೆ. ಜ್ವರ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಹಾಲು ಕಾಯಲಿಟ್ಟು ಅಕ್ಕಿ ಆರಿಸುತ್ತಾ ಕೂತಿದ್ದೆ. ಪಕ್ಕದ ಮನೆಯ ಸುಮನ್ ವಹಿನಿ ತನ್ನ ಮನೆಯಿಂದಲೇ ಕೂಗಿದಳು:

"ಗಿರಿಜಾತಾಯೀ, ದೂಧ್ ಜಳತಂಯ್! ನಿದ್ದೆಯೇನ್ರೀ?"

ಓಡಿ ನೋಡಿದರೆ ಪಾತ್ರೆಯ ತಳ ಕಪ್ಪಾಗಿ ಹೊಗೆ ಏಳುತ್ತಿತ್ತು. ಗೋಡೆಯಾಚೆಗಿದ್ದವಳಿಗೆ ವಾಸನೆ ಬಂದಿದೆ, ಅದೇ ಕೋಣೆಯಲ್ಲಿದ್ದ ನನಗೆ ಬಂದಿಲ್ಲ. ಇಂಗಿನ ಡಬ್ಬಿ ತೆರೆದು ಮೂಗಿಗೆ ಹಿಡಿದೆ. ಏನೂ ಇಲ್ಲ. ಕರ್ಪೂರ ಹಿಡಿದೆ. ಕಣ್ಣು ಉರಿಯಿತು, ವಾಸನೆ ಇಲ್ಲ. ಆಮೇಲೆ ದಿನವೆಲ್ಲ ಹುಚ್ಚಿಯಂತೆ ಮನೆಯ ಒಂದೊಂದೇ ವಸ್ತುವನ್ನು ಮೂಸುತ್ತಾ ತಿರುಗಿದೆ.

ಆವತ್ತಿನಿಂದ ನನ್ನನ್ನು ಒಂದು ಭಯ ಹಿಡಿಯಿತು. ಗ್ಯಾಸಿನ ಗುಂಡಿ ಸರಿಯಾಗಿ ತಿರುಗಿಸಿದ್ದೇನೋ ಇಲ್ಲವೋ ಎಂದು ಎದ್ದು ಎದ್ದು ನೋಡುವುದು. ನಿನ್ನೆಯ ಅನ್ನ ಹಳಸಿದೆಯೋ ಎಂದು ಗೊತ್ತಾಗದೆ ಎಲ್ಲವನ್ನೂ ಚೆಲ್ಲುವುದು. ಡಾಕ್ಟರು ಮೂಗಿಗೆ ಟಾರ್ಚು ಹಾಕಿ ನೋಡಿ, "ಬರುತ್ತೆ, ಸ್ವಲ್ಪ ದಿನ ಬೇಕು" ಎಂದರು. ಆ ಮಾತನ್ನು ನಾನು ಗಂಟು ಕಟ್ಟಿಕೊಂಡೆ. ಬರುತ್ತದಲ್ಲ, ಮತ್ತೆ ಯಾರಿಗೂ ಹೇಳುವುದು ಯಾಕೆ?

ಆದರೆ ಪುಡಿ ಕಾಯುವುದಿಲ್ಲ. ವಾಸುವಿನ ಫೋನು ಬಂತು, ಡಬ್ಬ ಮುಗಿಯುತ್ತಾ ಬಂದಿದೆ, ಶ್ರಾವಣ ಹತ್ತಿರ ಬಂತು ಎಂದು. ಇಲ್ಲಿ ಶ್ರಾವಣ ಬಂದರೆ ಮಾಂಸ ತಿನ್ನುವವರೂ ಬಿಡುತ್ತಾರೆ, ಶಾಕಾಹಾರಿ ಹೋಟೆಲಿಗೆ ಅದೇ ಸುಗ್ಗಿ.

ಅಮ್ಮ ನನಗೆ ಕಲಿಸಿದ್ದೆಲ್ಲ ಮೂಗಿನಿಂದ. ಕೊತ್ತಂಬರಿ ಇಷ್ಟು ಹೊತ್ತು, ಬೇಳೆ ಇಷ್ಟು ಹೊತ್ತು ಎಂದು ಅವಳು ಹೇಳಿದವಳೇ ಅಲ್ಲ. "ಪರಿಮಳ ಬಂದಾಗ ಇಳಿಸು" ಎನ್ನುವಳು, ಅಷ್ಟೇ. ಅದರಲ್ಲೂ ಮೆಂತ್ಯೆ ಬಹಳ ಕಷ್ಟದ ಕಾಳು. ಅದು ಹದಕ್ಕೆ ಬಂದದ್ದು ಮೊದಲು ಮೂಗಿಗೆ ಗೊತ್ತಾಗುತ್ತದೆ. ಕಣ್ಣಿಗೆ ಕೆಂಪು ಕಾಣುವಾಗ ಹೊತ್ತು ಮೀರಿರುತ್ತದೆ, ಪುಡಿ ಕಹಿಯಾಗಿರುತ್ತದೆ. ನಾನು ಕಣ್ಣನ್ನು ಬಾಣಲೆಗೆ ಅಂಟಿಸಿ ಕೂತೆ. ಸೀಯಬಾರದೆಂಬ ಹೆದರಿಕೆಯಲ್ಲಿ ಬೇಗ ಇಳಿಸಿದೆ. ಆ ಡಬ್ಬ ಹಸಿ ಹಸಿಯಾಯಿತು. "ಈ ಸಲ ಯಾಕೋ ಹಸಿ ವಾಸನೆ ಅಕ್ಕ" ಎಂದು ವಾಸು ಹೇಳಿದ ಮೇಲೆ ಮುಂದಿನದನ್ನು ಹೆಚ್ಚು ಹುರಿದೆ. ಅದು ಕಹಿಯಾಯಿತು. ಹೀಗೆ ಒಂದು ಡಬ್ಬ ಆ ಕಡೆ, ಒಂದು ಡಬ್ಬ ಈ ಕಡೆ.

ಶ್ರಾವಣದ ಎರಡನೆಯ ವಾರ ವಾಸುವಿನ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು, ನಾನು ಹೋದೆ. ಮಾರನೇ ದಿನ ಹೋಟೆಲಿಗೆ ಹೋದರೆ, ಊಟದ ಹೊತ್ತಿನಲ್ಲೂ ಮೇಜುಗಳು ಖಾಲಿ. ದಿನವೂ ಬರುವ ಒಬ್ಬ ಮುದುಕರು, ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು, ಇಡ್ಲಿ ಮಾತ್ರ ತಿಂದು ಸಾಂಬಾರಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. ಎದ್ದು ಹೋಗುವಾಗ ವಾಸುವಿನ ಎದುರು ನಿಂತು, "ಕಾಯ್ ಶೇಟ್, ಮದುವೆ ಮಾಡಿದ್ರೇನು ಸಾಂಬಾರಿಗೆ? ಒಂದಿನ ಸಿಟ್ಟು, ಒಂದಿನ ಸಿಹಿ!" ಎಂದರು. ವಾಸು ನಕ್ಕ. ಕಾಕಾ ಹೊರಗೆ ಹೋದ ಮೇಲೆ ಅವನ ಮುಖ ಇಳಿದುಹೋಯಿತು.

"ಆಚೆ ಕಡೆ ಹೊಸ ಹೋಟೆಲು ಬಂದಿದೆ ಅಕ್ಕ. ಹೀಗೇ ಆದ್ರೆ ದೀಪಾವಳಿ ಹೊತ್ತಿಗೆ ಶಟರ್ ಎಳೀಬೇಕು" ಎಂದ. ಮೇಲಿನ ದೇವರ ಫೋಟೋ ಕಡೆ ನೋಡಿದ, ನನ್ನ ಕಡೆ ನೋಡಲಿಲ್ಲ.

ಅವನ ಮಗಳು ಮೇಧಾ ವಾಳೂಜ್ ಕಡೆಯ ಒಂದು ಬಿಡಿಭಾಗದ ಕಾರ್ಖಾನೆಯಲ್ಲಿ ಗುಣಮಟ್ಟದ ವಿಭಾಗದಲ್ಲಿದ್ದಳು. ಅಪ್ಪ ಚಿಂತೆ ಮಾಡುವುದನ್ನು ನೋಡಿ ನೋಡಿ ಅವಳಿಗೆ ಸಾಕಾಗಿತ್ತು. ಮಧ್ಯಾಹ್ನ ಹೋಟೆಲು ಖಾಲಿಯಾದ ಮೇಲೆ ಹಳೆಯ ಕ್ಯಾಲೆಂಡರಿನ ದೊಡ್ಡ ಹಾಳೆಗಳನ್ನು ಹಿಂದುಮುಂದಾಗಿಸಿ, ಕೈ ತೊಳೆಯುವ ತೊಟ್ಟಿಯ ಪಕ್ಕದ ಗೋಡೆಗೆ ಅಂಟಿಸಿದಳು. ಎಲ್ಲರನ್ನೂ ಕರೆದಳು. ನಡುವೆ ಒಂದು ಉದ್ದ ಗೆರೆ ಎಳೆದಳು, ಕೊನೆಯಲ್ಲಿ ಒಂದು ತಲೆ, ಮೇಲೆ ಕೆಳಗೆ ಓರೆ ಓರೆ ಗೆರೆಗಳು.

ವಾಸು ಕಣ್ಣು ಕಿರಿದು ಮಾಡಿದ. "ಎಂತ ಮಾರಾಯ್ತಿ ಇದು?"

"ಮೀನಿನ ಮುಳ್ಳು, ಪಪ್ಪಾ. ನಮ್ಮ ಕಾರ್ಖಾನೆಯಲ್ಲಿ ಹಿಂಗೇ ಮಾಡ್ತಾರೆ. ಮ್ಹಣಜೆ, ಅಂದ್ರೆ, ತೊಂದರೆ ತಲೆ. ಕಾರಣಗಳೆಲ್ಲ ಮುಳ್ಳು."

"ಶುದ್ಧ ಶಾಕಾಹಾರಿ ಅಂತ ಬೋರ್ಡು ಹಾಕಿ, ಶ್ರಾವಣ ಸೋಮವಾರ ಗೋಡೆ ಮೇಲೆ ಮೀನಾ! ಗಿರಾಕಿ ಕಂಡ್ರೆ ಎಂತ ಹೇಳುದು?"

"ತಿನ್ನೂದಿಲ್ಲಲ್ರೀ ಅಣ್ಣಾರ, ಬರೇ ನೋಡೂದು" ಎಂದವನು ಸಂಗಣ್ಣ. ಅವನೇ ಅಡುಗೆಯವನು, ವಿಜಯಪುರದ ಕಡೆಯವನು. ವಾಸು ಹೋಟೆಲು ಹಾಕಿದಾಗಿನಿಂದಲೂ ಸಾಂಬಾರಿನ ಹಂಡೆಯ ಹತ್ತಿರ ಅವನೇ. ಎಲ್ಲರೂ ನಕ್ಕರು. ಮೇಧಾ ಸಿಟ್ಟಿನಿಂದ ಮೀನಿನ ತಲೆಯನ್ನು ಚೌಕ ಮಾಡಿ, "ಸರಿ, ಇದು ಕರಿಬೇವಿನ ಕಡ್ಡಿ. ಇವೆಲ್ಲ ಎಲೆ. ಈಗ ಆಯ್ತಲ್ಲ?" ಎಂದಳು. ವಾಸುವಿಗೆ ಒಪ್ಪಿಗೆಯಾಯಿತು. ಆಮೇಲೆ ನಮ್ಮ ಹೋಟೆಲಿನಲ್ಲಿ ಅದಕ್ಕೆ ಕರಿಬೇವು ಎಂದೇ ಹೆಸರಾಯಿತು.

ಚೌಕದೊಳಗೆ ಅವಳು ಬರೆದದ್ದು: ಸಾಂಬಾರಿನ ರುಚಿ ಒಂದೇ ಸಮ ಇಲ್ಲ. ಎಲೆಗಳಿಗೆ ಜನ, ವಿಧಾನ, ಸಾಮಾನು, ಯಂತ್ರ, ನೀರು, ಹವೆ ಎಂದು ಹೆಸರು ಕೊಟ್ಟಳು. "ಯಾರೂ ಯಾರನ್ನೂ ಬೈಯಬಾರದು. ಮನಸ್ಸಿಗೆ ಬಂದ ಕಾರಣ ಹೇಳಿ, ನಾನು ಬರೀತೇನೆ. ಒಂದೊಂದಕ್ಕೂ ಯಾಕೆ, ಯಾಕೆ ಅಂತ ಕೇಳ್ತಾ ಹೋದ್ರೆ ಬೇರು ಸಿಗ್ತದೆ" ಎಂದಳು.

ಆಮೇಲೆ ಶುರುವಾಯಿತು. ಟ್ಯಾಂಕರಿನ ನೀರು ಗಡಸು ಎಂದರು. ಬೇಳೆ ಹಳೆಯದು ಎಂದರು. ಒಲೆಯ ಉರಿ ಒಂದು ಹೊತ್ತು ಹೆಚ್ಚು, ಒಂದು ಹೊತ್ತು ಕಡಿಮೆ ಎಂದರು. ಬಡಿಸುವ ಒಬ್ಬ, "ತಟ್ಟೆ ತೊಳೆಯುವ ಸೋಪು" ಎಂದ, ತಟ್ಟೆ ತೊಳೆಯುವವನು ಅವನ ತಲೆಗೆ ಒಂದು ಕೊಟ್ಟ. ಮೇಧಾ ಎಲ್ಲವನ್ನೂ ಬರೆದಳು. ಗೆರೆಗೆ ಗೆರೆ ಸೇರಿ ಕಾಗದ ತುಂಬುತ್ತಾ ಬಂತು.

ಸಾಮಾನು ಎಂಬ ಎಲೆಯಲ್ಲಿ ಬೇಳೆ ಬಂತು, ಹುಣಸೆ ಬಂತು, ತರಕಾರಿ ಬಂತು. ಪುಡಿ ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ನಾನು ಅಲ್ಲೇ ಮೊದಲ ಮೇಜಿನಲ್ಲಿ ಕೂತಿದ್ದೆ. ಯಜಮಾನನ ಅಕ್ಕ, ಪೂಜೆಗೆ ಬಂದ ಹೆಂಗಸು. ನನ್ನ ಎದುರು ಆ ಮಾತು ಯಾರು ಆಡುತ್ತಾರೆ? ಮಸಾಲೆ ಎಂದು ಬರೆಯಬೇಕಾದ ಜಾಗ ಬಿಳಿಯಾಗಿ ಉಳಿದಿತ್ತು. ನಾನು ಅದನ್ನೇ ನೋಡುತ್ತಿದ್ದೆ.

ಆಗ ಉಗ್ರಾಣ ನೋಡಿಕೊಳ್ಳುವವನು ಹೇಳಿದ: "ಬೆಲ್ಲ ಬೇಗ ಖಾಲಿ ಆಗ್ತಾ ಇದೆ ಅಣ್ಣ, ಈ ತಿಂಗಳು."

ಮೇಧಾ ಮಾರ್ಕರನ್ನು ಎತ್ತಿದವಳು ಹಾಗೇ ನಿಂತಳು. "ಯಾಕೆ?"

ಸಂಗಣ್ಣ ಕೊರಳಿನ ಟವೆಲ್ಲು ತೆಗೆದು ಕೈ ಒರೆಸಿದ. "ನಾ ಹಾಕೀನ್ರಿ."

"ಉಡುಪಿ ಸಾಂಬಾರಿಗೆ ಬೆಲ್ಲ ಇದ್ದದ್ದೇ. ಜಾಸ್ತಿ ಯಾಕೆ ಹಾಕಿದ್ದು?" ವಾಸುವಿನ ದನಿ ಏರಿತು.

"ಒಮ್ಮೊಮ್ಮೆ ಕಹಿ ಹತ್ತತಿತ್ರಿ. ಮುರೀಲಿ ಅಂತ ಹಾಕಿದೆ."

ನಮ್ಮ ಹೋಟೆಲಿನಲ್ಲಿ ಒಂದು ಪದ್ಧತಿ ಇದೆ. ಹಂಡೆಯ ಮೊದಲ ಸೌಟು ದೇವರಿಗೆ ನೈವೇದ್ಯ. ಅದಕ್ಕೆ ಮೊದಲು ಅಡುಗೆಯವನು ನಾಲಿಗೆಗೆ ಮುಟ್ಟಿಸುವಂತಿಲ್ಲ. ವಾಸನೆಯಲ್ಲೇ ಹದ ತಿಳಿಯಬೇಕು. ನೈವೇದ್ಯ ಆದ ಮೇಲೆ ಸಂಗಣ್ಣ ರುಚಿ ನೋಡುತ್ತಿದ್ದ, ಕಹಿ ಕಂಡರೆ ಬೆಲ್ಲ ಸುರಿಯುತ್ತಿದ್ದ. ಆಮೇಲೆ ಅದು ಕೈಗೆ ರೂಢಿಯಾಗಿ, ಹಸಿ ಡಬ್ಬ ಬಂದ ದಿನವೂ ಸುರಿದ. ಕಾಕಾ ಹೇಳಿದ ಒಂದಿನ ಸಿಟ್ಟು, ಒಂದಿನ ಸಿಹಿ ಅದೇ. ಇದೆಲ್ಲ ನನಗೆ ಆ ಕ್ಷಣದಲ್ಲಿ ಬಿಚ್ಚಿಟ್ಟ ಹಾಗೆ ಕಂಡಿತು. ಇಡೀ ಹೋಟೆಲಿನಲ್ಲಿ ಕಂಡದ್ದು ನನಗೊಬ್ಬಳಿಗೇ.

"ಕಹಿ ಯಾಕೆ?" ಮೇಧಾ ಕೇಳಿದಳು. ಯಾಕೆ ಎಂಬುದನ್ನು ಬಿಡದೆ ಕೇಳಬೇಕೆಂದು ಅವಳಿಗೆ ಕಲಿಸಿದ್ದರು.

ಸಂಗಣ್ಣ ನನ್ನ ಕಡೆ ನೋಡಿದ. ತಕ್ಷಣ ಕಣ್ಣು ತೆಗೆದು, "ಈ ವರ್ಷ ಮೆಂತ್ಯೇನ ಹಂಗ ಬಂದಿರಬೇಕ್ರಿ" ಎಂದ.

"ಅತ್ತೆ, ಮೆಂತ್ಯೆ ಬದಲಾಗಿದ್ಯಾ? ಪುಡಿಯಲ್ಲಿ ಏನಾದ್ರೂ?"

ಎಲ್ಲರೂ ನನ್ನನ್ನೇ ನೋಡಿದರು. ಆಗ ಹೇಳಬಹುದಿತ್ತು. ಬಾಯಿ ತೆರೆದರೆ ಸಾಕಿತ್ತು. ಆದರೆ ವಾಸು ಗಲ್ಲಾಪೆಟ್ಟಿಗೆಯ ಹತ್ತಿರ ನಿಂತಿದ್ದ, ನಮ್ಮಕ್ಕನ ಕೈಯದ್ದು ಎಂದು ಅವನು ಹೇಳುವ ಅದೇ ಜಾಗದಲ್ಲಿ.

"ಇಲ್ಲ" ಎಂದೆ. "ಅದೇ ಅಂಗಡಿ, ಅದೇ ಮೆಂತ್ಯೆ. ಪುಡಿ ಸರಿ ಉಂಟು."

ವಾಸು ಸಂಗಣ್ಣನ ಕಡೆ ತಿರುಗಿದ. "ಕೇಳಿದ್ಯಾ? ಯಾರನ್ನೂ ಕೇಳದೆ ಹಂಡೆಗೆ ಬೆಲ್ಲ ಸುರಿದು ಹೋಟೆಲು ಹಾಳು ಮಾಡಿದ್ಯಲ್ಲ! ನಿನ್ನ ಮನೆ ಅಡುಗೆ ಅಂದ್ಕೊಂಡ್ಯಾ?" ಸಂಗಣ್ಣ ಹುಡುಗರ ಎದುರು, ಬಡಿಸುವವರ ಎದುರು, ತಲೆ ತಗ್ಗಿಸಿ ನಿಂತ.

ಮೇಧಾ ಅಪ್ಪನನ್ನು ತಡೆದಳು. "ಬರೆದ ಮಾತ್ರಕ್ಕೆ ಅದು ಕಾರಣ ಆಗೂದಿಲ್ಲ ಪಪ್ಪಾ. ತಪಾಸಣೆ ಮಾಡ್ಬೇಕು. ಪುಡಿ ಎಲ್ಲಿ ಆಗ್ತದೆ ಅಲ್ಲಿಗೂ ಹೋಗಿ ನೋಡ್ಬೇಕು. ಅತ್ತೆ, ನಾನು ರಜೆಗೆ ನಾಶಿಕಕ್ಕೆ ಬರ್ತೇನೆ."

"ಬಾ ಮಗಾ" ಎಂದೆ. ನಾಶಿಕದ ಬಸ್ಸು ಹತ್ತಿದೆ.

ಅವಳು ಬರುವ ತನಕ ನಾನು ಮನೆಯಲ್ಲಿ ಕಳ್ಳಿಯ ಹಾಗಿದ್ದೆ. ದಿನಾ ಎದ್ದ ಕೂಡಲೇ ಇಂಗಿನ ಡಬ್ಬಿ. ಏನೂ ಇಲ್ಲ. ತ್ರ್ಯಂಬಕೇಶ್ವರಕ್ಕೆ ಶ್ರಾವಣ ಸೋಮವಾರದ ಗದ್ದಲದಲ್ಲಿ ಜೀಪು ಹತ್ತಿ ಹೋದೆ. ಮಳೆಯಲ್ಲಿ ಸಾಲಿನಲ್ಲಿ ನಿಂತು ಬೇಡಿಕೊಂಡೆ, ಮೂಗು ಕೊಡು ಎಂದು. ಪಕ್ಕದವಳು ಮಕ್ಕಳಿಗಾಗಿ ಬೇಡುತ್ತಿದ್ದಳು. ನನ್ನ ಬೇಡಿಕೆ ಅವಳ ಕಿವಿಗೆ ಬೀಳದಿರಲಿ ಎಂದು ತುಟಿ ಬಿಗಿದುಕೊಂಡೆ.

ಮೇಧಾ ಬಂದಳು. ಹೊರಗೆ ಸೋನೆ ಮಳೆ. ನೆಲದ ಮೇಲೆ ಕಾಲು ಮಡಿಸಿ ನನ್ನ ಎದುರೇ ಕೂತು, ಬಾಣಲೆ, ಒಲೆ, ಡಬ್ಬ ಎಲ್ಲ ನೋಡಿದಳು. "ಗಡಿಯಾರ ಇಲ್ವಾ ಅತ್ತೆ? ಎಷ್ಟು ಹೊತ್ತು ಅಂತ ಹೆಂಗೆ ಗೊತ್ತಾಗ್ತದೆ?"

"ಪರಿಮಳ" ಎಂದೆ.

ಬಾಣಲೆ ಕಾಯಿತು, ಮೆಂತ್ಯೆ ಹಾಕಿದೆ. ಕೈ ಆಡಿಸುತ್ತಾ ಇದ್ದೆ. ಏನು ಮಾಡುವುದೆಂದು ತೋಚದೆ ಅವಳ ಮುಖ ನೋಡಿದೆ. ಆಗ ನೋಡಿದ್ದು: ಅವಳ ಮೂಗಿನ ಹೊಳ್ಳೆ ಸ್ವಲ್ಪ ಅರಳಿತು, ಕಣ್ಣು ಸಣ್ಣದಾಯಿತು, ಹುಬ್ಬು ಮೇಲೇರಿತು. ನಾನು ತಟ್ಟನೆ ಬಾಣಲೆ ಇಳಿಸಿದೆ.

"ಹಾ! ಇದೇ ನಮ್ಮ ಮಸಾಲೆ ವಾಸನೆ!" ಎಂದಳು.

ಹಾಗೆಯೇ ಕೊತ್ತಂಬರಿ, ಹಾಗೆಯೇ ಬೇಳೆ, ಮೆಣಸು. ಒಂದೊಂದನ್ನೂ ಅವಳ ಮುಖ ನೋಡಿ ಇಳಿಸಿದೆ. ಅವಳು ಬಾಣಲೆ ನೋಡುತ್ತಿದ್ದಳು, ನಾನು ಅವಳನ್ನು. ತಮ್ಮನ ಮಗಳು, ಮಗುವಿದ್ದಾಗಿನಿಂದ ಎತ್ತಿ ಆಡಿಸಿದವಳ ಮುಖ ಅದು. ಅದರಿಂದಲೇ ಕದ್ದೆ. ಗಿರಣಿಯಿಂದ ಬಂದ ಪುಡಿ ಮೊದಲಿನ ಹಾಗೆಯೇ ಆಗಿತ್ತು ಎಂದು ಅವಳು ಹೇಳಿದಳು. ಹೊರಡುವಾಗ ನನ್ನ ಹೆಗಲು ಹಿಡಿದು, "ಸಾರಿ ಹಾ ಅತ್ತೆ. ನಿಮ್ಮ ಮೇಲೆ ಸಂಶಯ ಅಂತ ಅಲ್ಲ, ಪದ್ಧತಿ ಹಂಗೆ" ಎಂದಳು. ಡಬ್ಬವನ್ನು ತಾನೇ ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದಳು.

ಸಂಭಾಜಿನಗರದಲ್ಲಿ ಆ ಡಬ್ಬದಿಂದ ಸಾಂಬಾರು ಮಾಡಿಸಿದರು. ಬೆಲ್ಲವನ್ನು ವಾಸು ತನ್ನ ಕೈಯಿಂದ ಹಾಕಿದ. ಸಾಂಬಾರು ಮೊದಲಿನಂತೆ ಬಂತು. ಕಾಕಾ ಎರಡನೇ ಸಲ ಹಾಕಿಸಿಕೊಂಡರಂತೆ. ಗೋಡೆಯ ಕರಿಬೇವಿನಲ್ಲಿ ಮೇಧಾ ವಿಧಾನ ಎಂಬ ಎಲೆಯ ಬೆಲ್ಲಕ್ಕೆ ಕೆಂಪು ಸುತ್ತು ಹಾಕಿದಳು. ಮಿಕ್ಕದ್ದೆಲ್ಲ ಹೊಡೆದು ಹಾಕಿದಳು. ಬೇರು ಸಿಕ್ಕಿತು.

"ಸಂಗಣ್ಣನನ್ನು ಕಳಿಸಿದೆ ಅಕ್ಕ" ಎಂದು ವಾಸು ಫೋನಿನಲ್ಲಿ ಹೇಳಿದ, ಗಣಪತಿ ಕೂರುವ ಮೊದಲು. "ಬೇಜಾರು ಆಗ್ತದೆ. ಆದ್ರೆ ಎಂತ ಮಾಡುದು, ಕೇಳದೆ ಮಾಡಿದ್ದು ತಪ್ಪೇ ಅಲ್ವಾ?"

"ಹೌದು" ಎಂದೆ.

ಆ ಒಂದು ಶಬ್ದ ನನ್ನ ಎದೆಯಿಂದ ಇವತ್ತಿಗೂ ಇಳಿದಿಲ್ಲ. ಮೊದಲ ಸುಳ್ಳು ಹೆದರಿಕೆಯಲ್ಲಿ ಬಂದದ್ದು ಎನ್ನಬಹುದು. ಇದು ಹಾಗಲ್ಲ. ಮನೆಯಲ್ಲಿ ಒಬ್ಬಳೇ ಇದ್ದೆ, ಯಾರೂ ನನ್ನನ್ನು ನೋಡುತ್ತಿರಲಿಲ್ಲ, ಯೋಚಿಸಲು ಹೊತ್ತಿತ್ತು.

ಗಣಪತಿಯ ದಿನಗಳಲ್ಲಿ ಮುಂದಿನ ಡಬ್ಬ ಮಾಡಬೇಕಾಯಿತು. ಚಹಾ ಕುಡಿಯಲು ಬಾ ಎಂದು ಸುಮನ್ ವಹಿನಿಯನ್ನು ಕರೆದು ಎದುರು ಕೂರಿಸಿದೆ. ಅವಳ ಮುಖದಿಂದ ಏನೂ ತಿಳಿಯಲಿಲ್ಲ. ಅವಳು ಬಾಗಿಲ ಕಡೆ ತಿರುಗಿ ಸೊಸೆಯ ಮೇಲಿನ ದೂರನ್ನೇ ಹೇಳುತ್ತಿದ್ದಳು, ಹೊರಗೆ ಪಟಾಕಿ, ಢೋಲು, ಊದುಬತ್ತಿ. ಮೆಂತ್ಯೆ ಕೆಂಪಾಗಿದ್ದನ್ನು ಕಂಡಾಗ ತಡವಾಗಿತ್ತು. ಆ ಪುಡಿಯನ್ನು ಚೆಲ್ಲಬಹುದಿತ್ತು. ಚೆಲ್ಲಿದರೆ ಮತ್ತೆ ಮಾಡಬೇಕು, ಮತ್ತೆ ಅದೇ. ಡಬ್ಬಕ್ಕೆ ಬಟ್ಟೆ ಹೊಲಿದೆ.

ವಿಸರ್ಜನೆ ಆದ ಮೇಲೆ ವಾಸು ಫೋನು ಮಾಡಿದ. ದನಿ ಸಣ್ಣಗಿತ್ತು. "ಅಕ್ಕ, ಮತ್ತೆ ಶುರುವಾಯ್ತು. ಕಹಿ. ಹೊಸ ಅಡುಗೆಯವ ಬೆಲ್ಲ ಮುಟ್ಟುದೇ ಇಲ್ಲ. ಈಗ ಯಾರನ್ನು ಕಳಿಸ್ಲಿ ಹೇಳು? ಈ ಹೊಸಬನನ್ನೂ ಕಳಿಸುದಾ?"

ಇನ್ನೊಬ್ಬ ಮನುಷ್ಯ. ಆ ಹೊಸಬನ ಹೆಸರೂ ನನಗೆ ಗೊತ್ತಿರಲಿಲ್ಲ. "ಯಾರನ್ನೂ ಕಳಿಸ್ಬೇಡ, ನಾನು ಬರ್ತೇನೆ" ಎಂದೆ. ಆವತ್ತೇ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿದೆ, ಹೋಟೆಲಿನ ಬಾಗಿಲಲ್ಲಿ ಎಲ್ಲ ಮರೆತುಹೋಯಿತು.

"ನನಗೆ ವಾಸನೆ ಬರೂದಿಲ್ಲ ವಾಸು" ಎಂದೆ. "ಆಷಾಢದಿಂದ. ಮೂಗು ಸತ್ತುಹೋಗಿದೆ. ಪುಡಿ ಕೆಡಿಸಿದ್ದು ನಾನು."

ಅವನು ಚಿಲ್ಲರೆ ಎಣಿಸುತ್ತಿದ್ದ ಕೈಯನ್ನು ನಿಲ್ಲಿಸಿದ. ಮೇಧಾ ಅಲ್ಲೇ ಇದ್ದಳು. "ಆದ್ರೆ ನನ್ನ ಎದುರೇ ಮಾಡಿದ್ರಲ್ಲ ಅತ್ತೆ, ಬರೋಬರ್ ಬಂತಲ್ಲ?" ಎಂದಳು. ಅವಳ ಮುಖ ನೋಡಿ ಇಳಿಸಿದ್ದೆಂದು ಹೇಳಿದೆ. ಅವಳು ಕೈಯನ್ನು ಮೂಗಿನ ಮೇಲೆ ಇಟ್ಟುಕೊಂಡಳು, ಏನೋ ಕಳೆದುಕೊಂಡವಳ ಹಾಗೆ.

ಚಿಲ್ಲರೆಯನ್ನು ಬದಿಗೆ ಸರಿಸಿ ವಾಸು, "ನನ್ನತ್ರ ಹೇಳ್ಲಿಕ್ಕೆ ಎಂತ ಆಗಿತ್ತು ನಿಂಗೆ?" ಎಂದ.

"ಪುಡಿ ಇಲ್ದಿದ್ರೆ ನಾನು ನಿನಗೆ ಎಂತಕ್ಕೆ ಅಂತ ಕಂಡಿತು."

"ಅಷ್ಟೇನಾ ನಾನು ನಿಂಗೆ?" ಆಮೇಲೆ ಅವನಿಗೆ ಸಿಟ್ಟು ಬಂತು. ಬರಬೇಕಾದ ಸಿಟ್ಟೇ. "ನೀನು ಬಾಯಿ ಮುಚ್ಚಿ ಕೂತಿದ್ದಿ. ನಾನು ಆ ಮನುಷ್ಯನಿಗೆ ಎಲ್ಲರೆದುರು ಎಂತೆಂತ ಅಂದೆ! ಅವ ನನಗೆ ಎದುರು ಒಂದು ಮಾತು ಆಡಿದವ ಅಲ್ಲ."

ಮೇಧಾ ಗೋಡೆಯ ಹತ್ತಿರ ಹೋದಳು. ಕರಿಬೇವು ಇನ್ನೂ ಅಲ್ಲೇ ಇತ್ತು, ನೀರು ಸಿಡಿದು ಅಂಚು ಸುರುಳಿಯಾಗಿತ್ತು. ಬೆಲ್ಲದ ಸುತ್ತಿನ ಕೆಂಪು ಗೆರೆಯನ್ನು ಹೊಡೆದು ಹಾಕಿ, ಸಾಮಾನಿನ ಎಲೆಯ ಬಿಳಿ ಜಾಗದಲ್ಲಿ ಮಸಾಲೆ ಎಂದು ಬರೆದಳು. ಅದಕ್ಕೆ ಯಾಕೆ ಎಂದು ಹಾಕಿ, ವಾಸನೆ ಹೋಗಿದೆ ಎಂದು ಬರೆದು ನಿಲ್ಲಿಸಿದಳು.

"ಅಲ್ಲಿಗೆ ನಿಲ್ಲಿಸ್ಬೇಡ" ಎಂದೆ. "ವಾಸನೆ ಹೋದದ್ದು ನನ್ನ ತಪ್ಪಲ್ಲ. ಹೇಳದೇ ಇದ್ದದ್ದು ತಪ್ಪು. ಅದನ್ನು ಬರಿ."

ಅವಳು ಅಪ್ಪನ ಮುಖ ನೋಡಿದಳು. "ನಾವೂ ಸರಿಯಾಗಿ ಕೇಳ್ಲಿಲ್ಲ ಅತ್ತೆ" ಎಂದಳು ಮೇಧಾ ಮೆತ್ತಗೆ. "ನಿಮ್ಮ ಎದುರು ಪುಡಿ ಅಂತ ಬರೀಲಿಕ್ಕೆ ನನಗೂ ಧೈರ್ಯ ಇರ್ಲಿಲ್ಲ. ನಾನೇ ಆ ಜಾಗ ಖಾಲಿ ಬಿಟ್ಟೆ." ಅದನ್ನೂ ಬರೆದಳು, ಇದನ್ನೂ ಬರೆದಳು. ಆ ಹುಡುಗಿಗೆ ಕೆಲಸ ಚೆನ್ನಾಗಿ ಗೊತ್ತಿತ್ತು.

ಸಂಗಣ್ಣನಿಗೆ ವಾಸು ಎಷ್ಟು ಸಲ ಫೋನು ಮಾಡಿದರೂ ಎತ್ತಲಿಲ್ಲ. ಹೇಗೋ ವಿಚಾರಿಸಿದಾಗ ಘೋಟಿಯಲ್ಲಿ, ಮುಂಬಯಿ ಹೆದ್ದಾರಿಯ ಒಂದು ಹೋಟೆಲಿನಲ್ಲಿ ಇದ್ದಾನೆಂದು ತಿಳಿಯಿತು. ತಾನೇ ಹೋಗುತ್ತೇನೆ ಎಂದ ವಾಸು. ಬೇಡ, ನಾನು ಹೋಗುತ್ತೇನೆ ಎಂದೆ.

ಘೋಟಿಯಲ್ಲಿ ಮಳೆ ನಿಂತಿರಲಿಲ್ಲ. ಲಾರಿಗಳು ಸಾಲಾಗಿ ನಿಂತಿದ್ದವು, ಅಂಗಳವೆಲ್ಲ ಕೆಸರು. ಹಿಂದಿನ ಬಾಗಿಲಿನಿಂದ ಅಡುಗೆಮನೆಗೆ ಹೋದೆ. ಸಂಗಣ್ಣ ದೊಡ್ಡ ಹಂಡೆಯ ಎದುರು ನಿಂತಿದ್ದ, ಇನ್ನಿಬ್ಬರು ಈರುಳ್ಳಿ ಹೆಚ್ಚುತ್ತಿದ್ದರು. ನನ್ನನ್ನು ಕಂಡು ಅವನಿಗೆ ಗಾಬರಿಯಾಯಿತು.

"ಅಕ್ಕಾರ! ಇಷ್ಟ್ ಮಳ್ಯಾಗ ಒಬ್ರೇ ಬಂದೀರಿ? ಅಣ್ಣಾರು ಆರಾಮ ಅದಾರಲ್ರಿ?"

ಅವನಿಗೆ ಮೊದಲು ಬಂದದ್ದು ಆ ಚಿಂತೆ. ನಾನು ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಅವನು ಸೌಟು ಆಡಿಸುತ್ತಾ ಕೇಳಿದ. ಮುಗಿದ ಮೇಲೆ, "ಪುಡೀ ಅಂತ ನನಗ ಅನಸಿತ್ರಿ" ಎಂದ. "ನಿಮ್ಮ ಮಾರಿ ನೋಡಿ ಹೇಳಾಕ ಆಗಲಿಲ್ಲ. ನೀವ ಹೇಳ್ತೀರಿ ಅಂತ ತಿಳಕೊಂಡಿದ್ದೆ."

"ತಪ್ಪಾಯ್ತು ಸಂಗಣ್ಣ. ವಾಸು ಬಾ ಅಂತಾನೆ. ಅವನೇ ಬಂದು ಕರೀತಾನೆ."

"ಬ್ಯಾಡ್ರಿ" ಎಂದ, ಒರಟಾಗೇನೂ ಅಲ್ಲ. "ಎಲ್ಲಾರ ಮುಂದ ಬೈಸಿಕೊಂಡ ಮನ್ಯಾಗ ಮತ್ತ ಹ್ಯಾಂಗ ನಿಂದರ್ಲಿ? ಹುಡುಗೂರು ನಗತಾವು. ಇಲ್ಲೇ ಇರತೀನಿ."

ಮತ್ತೆ ತಪ್ಪಾಯ್ತು ಎಂದೆ. ಅದರಿಂದ ಅವನಿಗೆ ಏನೂ ಆಗಬೇಕಾಗಿರಲಿಲ್ಲ. ಅವನು ಸೌಟನ್ನು ಕೆಳಗಿಟ್ಟು, ಕೈ ಒರೆಸಿಕೊಂಡು, ಅಂಗಿಯ ಜೇಬಿನಿಂದ ಫೋನು ತೆಗೆದ.

"ಒಂದ ಕೆಲಸ ಮಾಡಿಕೊಡ್ರಿ. ಅಡಗಿ ಕೆಡಿಸಿ ಬಿಡಿಸಿಕೊಂಡ ಬಂದ ಅಂತ ಊರಾಗ ಸುದ್ದಿ ಮುಟ್ಟೇದ. ಕುಡದಿದ್ರೇನು ಅಂತ ಕೇಳ್ತಾಳ ನನ್ನ ಹೆಂಡತಿ. ನಾ ಎಷ್ಟ್ ಹೇಳಿದ್ರೂ ನಂಬವಲ್ಲಳು. ನೀವ ಹೇಳ್ರಿ."

ಗುಂಡಿ ಒತ್ತಿ ಫೋನನ್ನು ನನ್ನ ಕೈಗೆ ಕೊಟ್ಟು ಹಂಡೆಯ ಕಡೆ ತಿರುಗಿ ನಿಂತ. ಸೌಟನ್ನು ಮತ್ತೆ ಎತ್ತಿಕೊಂಡ, ಆಡಿಸಲಿಲ್ಲ. ಈರುಳ್ಳಿ ಹೆಚ್ಚುವವರೂ ನಿಲ್ಲಿಸಿದ್ದರು.

"ಹಲೋ? ಯಾರ್ರಿ?" ಎಂದಿತು ಒಂದು ಹೆಂಗಸಿನ ದನಿ.

"ನಾನು ಗಿರಿಜಾ ಅಂತ, ನಾಶಿಕದಿಂದ. ಸಂಗಣ್ಣ ಇದ್ದ ಹೋಟೆಲಿಗೆ ಪುಡಿ ಮಾಡಿ ಕೊಡುವವಳು" ಎಂದೆ. "ನಿಮ್ಮವರು ಅಡುಗೆ ಕೆಡಿಸಲಿಲ್ಲ. ಕುಡಿದೂ ಇರಲಿಲ್ಲ. ಕೆಟ್ಟದ್ದು ನನ್ನ ಪುಡಿ. ಗೊತ್ತಿದ್ದೂ ನಾನು ಸುಳ್ಳು ಹೇಳಿದೆ, ಅವರನ್ನು ಕಳಿಸಿದರು."

ಅವಳು, "ತಡೀರಿ" ಎಂದಳು. "ಇಲ್ಲೆ ನಮ್ಮತ್ತಿ ಅದಾರ, ಮೈದುನ ಅದಾನ. ದನಿ ದೊಡ್ಡದ ಮಾಡೀನಿ. ಇನ್ನೊಮ್ಮೆ ಹೇಳ್ರಿ, ಗಟ್ಟಿ ಹೇಳ್ರಿ."

ನಾನು ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದೆ.